ನೀರುಗೋಲಿನವರ ಸನ್ನಿಧಿಗೆ ನೆಲಕ್ಕಿಳಿದ ಏಣಿಯಕ್ಕನ ದೂರು

ಮಾನ್ಯ ನೀರುಗೋಲಿನವರೇ,

ತಲೆಗೊಂದು ಕುಂಚ, ಬಾಲಕ್ಕೊಂದು ಕೊಳವೆ ಕಟ್ಟಿಕೊಂಡು, ಮಡಚಿದರೆ ವ್ಯಾನಿನೊಳಗೆ ಮಗುವಿನಂತೆ ಮಲಗುವ ವಿನಯವನ್ನೂ, ಬಿಡಿಸಿದರೆ ಎರಡನೇ ಮಹಡಿಯ ಕಿಟಕಿಯನ್ನು ಮೀರಿ ಮೋಡಕ್ಕೆ ಕೈಹಾಕುವ ಹುಮ್ಮಸ್ಸನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡಿರುವ ತಮಗೆ, ತಮ್ಮ ಬುಡ ಹಿಡಿದು ನಿಲ್ಲುವ ಭಾಗ್ಯ ಪಡೆದಿರುವ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಇಂದು ಬೆಳಿಗ್ಗೆ ತಾನೇ ನನ್ನ ತಮ್ಮನು ತಮ್ಮ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ, ಕೀಲುಕೀಲಿಗೂ ಉಫ್ ಉಫ್ ಎಂದು ಊದುತ್ತ ಕುಳಿತಿದ್ದನ್ನು ಕಣ್ಣಾರೆ ಕಂಡೆ. ಒಡಹುಟ್ಟಿದವಳಿಗೆ ನೆಗಡಿಯಾದಾಗ ಅವನು ಈ ಥರ ಉಪಚಾರ ಮಾಡಿದ ನೆನಪು ನನಗಿಲ್ಲ.

ಇದನ್ನು ಬಹಿರಂಗ ಪತ್ರವಾಗಿ ಬರೆಯಲು ಕಾರಣವಿದೆ. ಗುಟ್ಟಾಗಿ ಬರೆದರೆ ತಾವು ಓದುವುದಿಲ್ಲ. ಬಹಿರಂಗವಾಗಿ ಬರೆದರೂ ತಾವು ಓದುವುದಿಲ್ಲ, ನಿಜ. ಆದರೆ ನಾಲ್ಕು ಜನ ಓದಿ, ನಾಳೆ ಬೀದಿಯಲ್ಲಿ ತಮ್ಮನ್ನು ಒಂದು ಥರ ನೋಡಲಿ ಎಂಬ ಸಣ್ಣ ಆಸೆ.

ನನ್ನ ಪರಿಚಯವನ್ನು ತಾವು ಕೇಳಲಿಲ್ಲವಾದರೂ ಹೇಳಿಬಿಡುತ್ತೇನೆ. ತಾವು ಬರುವ ಮೊದಲು ನಾನೂ ನನ್ನ ತಮ್ಮನೂ ಸೇರಿ ಈ ಸುತ್ತಿನ ಬೀದಿಗಳ ಅಂಗಡಿ, ಕಚೇರಿ, ಮನೆಗಳ ಕಿಟಕಿ ಗಾಜುಗಳನ್ನು ಸೋಪಿನ ನೀರು, ಸ್ಪಂಜು, ನೀರನ್ನು ಎಳೆದು ತೆಗೆಯುವ ರಬ್ಬರ್ ಪಟ್ಟಿ, ಸೊಂಟಕ್ಕೆ ಸಿಕ್ಕಿಸಿದ ಒಣಬಟ್ಟೆ, ಮತ್ತು ಮೂರು ತುಂಡಿನ ಒಂದು ಏಣಿ, ಇಷ್ಟರಿಂದಲೇ ಕನ್ನಡಿಯಂತೆ ಇಟ್ಟಿದ್ದೆವು. ಕೆಳಗಿನ ಗಾಜುಗಳು ತಮ್ಮನ ಪಾಲಿಗೆ, ಮೇಲಿನವು ನನ್ನ ಪಾಲಿಗೆ. ಏಕೆಂದರೆ ಅವನಿಗೆ ಎತ್ತರವೆಂದರೆ ಕಾಲು ನಡುಗುತ್ತದೆ, ನನಗೆ ಎತ್ತರವೆಂದರೆ ಹಸಿವಾಗುತ್ತದೆ. ಹೀಗಾಗಿ ಜನ ನನ್ನನ್ನು ಏಣಿಯಕ್ಕ ಎಂದು ಕರೆಯತೊಡಗಿದರು. ನನ್ನ ನಿಜವಾದ ಹೆಸರನ್ನು ಈಗ ಹೇಳಿದರೆ ನಾನೇ ಹಿಂತಿರುಗಿ ನೋಡುವುದಿಲ್ಲ.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ಇಲ್ಲಿ ವಿವರಿಸದಿದ್ದರೆ ತಮಗೆ ಅನ್ಯಾಯ ಮಾಡಿದಂತಾಗುತ್ತದೆ. ನಾನು ಒಂದು ವಾರ ಜ್ವರದಲ್ಲಿ ಮಲಗಿದ್ದಾಗ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲಿನ ಕಿಟಕಿಯನ್ನು ತಾನೇ ಒರೆಸುತ್ತೇನೆಂದು ಹೊರಟ ನನ್ನ ತಮ್ಮ, ಏಣಿಯ ಮೇಲೆ ನಿಂತು ಕೆಳಗೆ ನೋಡಬಾರದೆಂಬ ನನ್ನ ಬುದ್ಧಿಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ, ಕಾಲಿಡಬೇಕಾದ ಮೆಟ್ಟಿಲನ್ನೂ ನೋಡಲಿಲ್ಲ. ಹೂವಿನ ಪೊದೆ ಅಡ್ಡವಿತ್ತು, ಪುಣ್ಯ. ಮುರಿದಿದ್ದು ಮುಂಗೈ ಒಂದೇ. ಆದರೆ ಅವನ ಹೆಂಡತಿ, ಸಾಮಾನ್ಯವಾಗಿ ದನಿ ಎತ್ತದ ಹೆಂಗಸು, ಅವನ ಬ್ಯಾಂಡೇಜನ್ನು ನೋಡಿ ನಡುಮನೆಯಲ್ಲಿ ನಿಂತು, "ಈ ಮನೇಲಿ ಒಂದೋ ಆ ಏಣಿ ಇರಬೇಕು, ಇಲ್ಲಾ ನಾನಿರಬೇಕು" ಎಂದಳು. ಉತ್ತರ ಹೇಳಲು ನನ್ನ ತಮ್ಮ ತೆಗೆದುಕೊಳ್ಳಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡ. ಆ ತಪ್ಪಿಗೆ ಪರಿಹಾರವಾಗಿ, ನೆಲದಲ್ಲೇ ನಿಂತು ಮೇಲಿನ ಗಾಜು ತೊಳೆಯುವ ಗೋಲಾಗಿ ತಾವು ಬಂದಿರಿ.

ಬಂದಿರಿ ಎಂದರೆ ಸಾಮಾನ್ಯವಾಗಿಯೇ? ವ್ಯಾನಿನ ಹಿಂಭಾಗವನ್ನೆಲ್ಲ ತಮ್ಮ ನೀರಿನ ತೊಟ್ಟಿ ಆಕ್ರಮಿಸಿತು. ಅದರ ಪಕ್ಕದಲ್ಲಿ ನೀರನ್ನು ಸೋಸುವ ದಪ್ಪ ದಪ್ಪ ಸಿಲಿಂಡರುಗಳು ರಾಜನ ಕಾವಲುಗಾರರ ಹಾಗೆ ಸಾಲಾಗಿ ನಿಂತವು. ನನ್ನ ಬಕೆಟ್ಟಿಗೆ ಮುಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ ಜಾಗ ಸಿಕ್ಕಿತು. ಮೊದಲ ದಿನ ಅದೇ ಹಲ್ಲಿನ ಡಾಕ್ಟರರ ಕಿಟಕಿಗೆ ತಾವು ನೆಲದಿಂದಲೇ ಕೈಚಾಚಿ, ಕುಂಚದಿಂದ ಉಜ್ಜಿ, ನೀರು ಹರಿಸಿ, ಒರೆಸದೆ ಹಾಗೆಯೇ ಕೆಳಗಿಳಿದಿರಿ. ಗಾಜನ್ನು ಒದ್ದೆ ಬಿಟ್ಟು ಹೊರಡುವುದೆಂದರೆ ನನಗೆ ಅರ್ಧ ಬಟ್ಟೆ ಹಾಕಿಕೊಂಡು ಬೀದಿಗಿಳಿದಷ್ಟೇ ನಾಚಿಕೆ. ಡಾಕ್ಟರರೂ ಹೊರಗೆ ಬಂದು, "ಏನ್ರೀ ಇದು, ಒರೆಸೋದೇ ಮರೆತು ಹೊರಟುಬಿಟ್ರಾ?" ಎಂದರು. ನನ್ನ ತಮ್ಮ ಎದೆ ಸೆಟೆಸಿ, "ಇದು ಬರೀ ನೀರಲ್ಲ ಸಾರ್, ಶುದ್ಧ ನೀರು. ಉಪ್ಪಿಲ್ಲ, ಸುಣ್ಣ ಇಲ್ಲ, ತಾನಾಗೇ ಒಣಗುತ್ತೆ, ಒಂದು ಕಲೆ ಉಳಿಯಲ್ಲ" ಎಂದ. ನಾವು ಮೂವರೂ ಕತ್ತೆತ್ತಿ ನಿಂತು, ಆ ಗಾಜು ಒಣಗುವುದನ್ನು ಅನ್ನ ಬೇಯುವುದನ್ನು ಕಾಯುವವರ ಹಾಗೆ ಕಾದೆವು. ಜೀವಮಾನವಿಡೀ ಕಲೆಗಳ ವಿರುದ್ಧ ಹೋರಾಡಿದ ನಾನು ಆ ಹೊತ್ತು ಒಂದೇ ಒಂದು ಕಲೆಗಾಗಿ, ಒಂದು ಸಾಸಿವೆ ಕಾಳಿನಷ್ಟು ಕಲೆಗಾಗಿ ಮನಸ್ಸಿನಲ್ಲೇ ಹರಕೆ ಹೊತ್ತೆ. ಬರಲಿಲ್ಲ. ಗಾಜು ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಶುಭ್ರವಾಯಿತು. ಇಷ್ಟು ಪರಿಪೂರ್ಣತೆ ಒಳ್ಳೆಯದಲ್ಲ ಮಾನ್ಯರೇ, ಜೊತೆಯಲ್ಲಿ ಕೆಲಸ ಮಾಡುವವರ ಮನಸ್ಸನ್ನೂ ಸ್ವಲ್ಪ ನೋಡಬೇಕು.

ಇನ್ನು ತಮ್ಮಿಂದ ನನಗಾದ ದೈಹಿಕ ಪ್ರಯೋಜನಗಳ ವಿಚಾರ. ಏಣಿಯ ತುದಿಯಲ್ಲಿ ಒಂಟಿಕಾಲಿನಲ್ಲಿ ನಿಂತು ಹಾಡು ಗುನುಗುತ್ತಿದ್ದ ನನಗೆ, ತಮ್ಮ ಕೃಪೆಯಿಂದ ಗಟ್ಟಿ ನೆಲದ ಮೇಲೆ ಎರಡೂ ಕಾಲೂರಿ ನಿಂತಾಗ ತಲೆ ಸುತ್ತತೊಡಗಿತು. ಕತ್ತೆತ್ತಿ ಮೇಲೆ ನೋಡಿದರೆ ಮೋಡ ಓಡುತ್ತದೆ, ಮೋಡ ಓಡಿದರೆ ಕಟ್ಟಡವೇ ನನ್ನ ಮೇಲೆ ವಾಲಿದ ಹಾಗಾಗುತ್ತದೆ, ಆಗ ನಾನು ತಮ್ಮನ್ನು ಗಟ್ಟಿಯಾಗಿ ತಬ್ಬಿಕೊಳ್ಳುತ್ತೇನೆ, ತಾವು ಆ ತಬ್ಬುಗೆಯನ್ನು ಅಪಾರ್ಥ ಮಾಡಿಕೊಂಡು ನನ್ನ ಅಂಗಿಯ ತೋಳಿನೊಳಗೆ ತಣ್ಣೀರು ಬಿಡುತ್ತೀರಿ. ತಮ್ಮ ಕೊಳವೆಯ ಪ್ರತಿಭೆಯನ್ನಂತೂ ಎಷ್ಟು ಹೊಗಳಿದರೂ ಕಡಿಮೆ. ಮೂಲೆ ಕಂಡಲ್ಲಿ ಸಿಕ್ಕಿಕೊಳ್ಳುವುದು, ಕಾರಿನ ಗಾಲಿಯಡಿ ಅಡಗುವುದು ಅದಕ್ಕೆ ನೀರು ಕುಡಿದಷ್ಟು ಸಲೀಸು. ಒಮ್ಮೆ ಕಾಫಿ ಅಂಗಡಿಯ ಹೊರಗಿಟ್ಟ ಮೇಜಿನ ಕಾಲಿಗೆ ಸುತ್ತಿಕೊಂಡು, ನಾನು ಆ ಕಡೆ ಎಳೆದಾಗ ಮೇಜನ್ನೂ, ಮೇಜಿನ ಮೇಲಿದ್ದ ಕಾಫಿಯನ್ನೂ ಗಾಂಭೀರ್ಯದಿಂದ ಪಾದಚಾರಿ ಮಾರ್ಗದುದ್ದಕ್ಕೂ ಮೆರವಣಿಗೆ ಹೊರಡಿಸಿತು. ಕಾಫಿ ಕುಡಿಯುತ್ತಿದ್ದ ಮಹನೀಯರು ಪತ್ರಿಕೆಯಿಂದ ಕಣ್ಣೆತ್ತದೆ, ಕುರ್ಚಿಯನ್ನು ಜರುಗಿಸಿಕೊಳ್ಳುತ್ತ ಜೊತೆಯಲ್ಲೇ ಬಂದರು.

ಇವೆಲ್ಲ ಸಣ್ಣಪುಟ್ಟ ವಿಷಯಗಳು, ನುಂಗಿಕೊಳ್ಳುತ್ತಿದ್ದೆ. ನನ್ನ ನಿಜವಾದ ದೂರು ಹಳೆಯ ನಾಟಕಶಾಲೆಯ ಎದುರಿನ ಕಟ್ಟಡದ ಎರಡನೇ ಮಹಡಿಯದು.

ಆ ಕಿಟಕಿಯ ಹಿಂದೆ ಒಬ್ಬರು ವಿಗ್ಗು ತಯಾರಿಸುವವರು ಕೂರುತ್ತಾರೆ. ನಾಟಕದವರಿಗೆ ಬೇಕಾದ ಕೃತಕ ಕೂದಲನ್ನು ಎಳೆ ಎಳೆಯಾಗಿ ಸೂಜಿಯಲ್ಲಿ ಪೋಣಿಸುವ ಕೆಲಸ, ಬೆಳಕು ಬೇಕು, ಅದಕ್ಕೇ ಕಿಟಕಿಯ ಪಕ್ಕದ ಮೇಜು. ನಾನು ಮೊದಲ ಸಲ ಅಲ್ಲಿಗೆ ಏರಿದಾಗ ಗಾಜಿನಾಚೆ ಬೋಳು ಮರದ ತಲೆಗಳ ಸಾಲೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಅದರಲ್ಲಿ ಒಂದು ತಲೆ ಸೀನಿತು. ಏಣಿಯಿಂದ ಬೀಳದೆ ಉಳಿದದ್ದು ನನ್ನ ವೃತ್ತಿಕೌಶಲ. ಸೀನಿದ್ದು ಅವರೇ, ವಿಗ್ಗಿನವರು. ಊರಿಗೆಲ್ಲ ಕೂದಲು ಹಂಚಿ ತಮ್ಮ ನೆತ್ತಿಗೆ ಒಂದೆಳೆಯನ್ನೂ ಉಳಿಸಿಕೊಳ್ಳದ ಮಹಾನುಭಾವರು. ನನ್ನ ಗಾಬರಿ ನೋಡಿ ಅವರು ನಕ್ಕರು, ನಾನೂ ನಕ್ಕೆ, ನಡುವೆ ಗಾಜಿದ್ದುದರಿಂದ ಇಬ್ಬರಿಗೂ ಸದ್ದು ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು. ನಾನು ಏರಿದಾಗಲೆಲ್ಲ ಅವರು ಹೊಸದಾಗಿ ಮಾಡಿದ ವಿಗ್ಗನ್ನು ಮರದ ತಲೆಗೆ ತೊಡಿಸಿ ನನ್ನ ಕಡೆ ತಿರುಗಿಸುವರು. ನಾನು ರಬ್ಬರ್ ಪಟ್ಟಿಯನ್ನು ಮೇಲೆತ್ತಿದರೆ ಚೆನ್ನಾಗಿದೆ, ಅಡ್ಡ ಹಿಡಿದರೆ ಪರವಾಗಿಲ್ಲ, ಕೆಳಗಿಳಿಸಿದರೆ ಬೇಡವೇ ಬೇಡ. ಸೋಪಿನ ನೊರೆಯಲ್ಲಿ ಬೆರಳಿನಿಂದ ಬರೆದು, ಹಣೆಯ ಮೇಲಿನದು ಇನ್ನೂ ಗಿಡ್ಡವಾಗಲಿ, ಕಿವಿಯ ಹತ್ತಿರ ಗುಂಗುರು ಕಡಿಮೆಯಾಗಲಿ ಎಂದೆಲ್ಲ ತೋರಿಸುತ್ತಿದ್ದೆ, ಅವರು ತಲೆಯಾಡಿಸಿ ಕತ್ತರಿ ತೆಗೆದುಕೊಳ್ಳುತ್ತಿದ್ದರು. ಕಳ್ಳರ, ಸನ್ಯಾಸಿಗಳ, ಮಂತ್ರಿಗಳ, ಪ್ರೇತಗಳ ತಲೆಗಳೆಲ್ಲ ನನ್ನ ಒಪ್ಪಿಗೆ ಪಡೆದೇ ರಂಗಕ್ಕೆ ಹೋಗುತ್ತಿದ್ದವು. ವರ್ಷಗಳು ಹೀಗೆಯೇ ಉರುಳಿದವು. ಅವರ ಹೆಸರು ನನಗೆ ತಿಳಿಯದು, ದನಿ ತಿಳಿಯದು. ಆದರೆ ಆ ಕಟ್ಟಡದ ಸರದಿ ಬರುವ ದಿನ ನಾನು ಬೆಳಿಗ್ಗೆ ಎದ್ದು ತಲೆಯನ್ನು ಎರಡು ಸಲ ಬಾಚಿಕೊಳ್ಳುತ್ತಿದ್ದೆ ಎಂಬುದನ್ನು ನನ್ನ ತಮ್ಮನ ಹೆಂಡತಿ ಗಮನಿಸಿದ್ದಳು. ಕೂದಲಿನ ವಿಷಯ ಬಲ್ಲವರ ಮುಂದೆ ಹೋಗುವಾಗ ಅದು ಕನಿಷ್ಠ ಮರ್ಯಾದೆ ಎಂದು ಅವಳಿಗೆ ಹೇಳಿದ್ದೆ.

ಅಂಥ ಕಿಟಕಿಗೆ, ಮಾನ್ಯರೇ, ನನ್ನ ಬದಲು ತಾವು ಹೋದಿರಿ. ನನ್ನ ಮುಖವಿದ್ದ ಜಾಗದಲ್ಲಿ ತಮ್ಮ ಕುಂಚ. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಗಾಜಿನಲ್ಲಿ ಬಿದ್ದ ಆಕಾಶ ಮಾತ್ರ. ನೀರು ಮುಖಕ್ಕೆ ಸಿಡಿಯದಿರಲೆಂದು ನನ್ನ ತಮ್ಮ ಕೊಡಿಸಿದ ಛತ್ರಿಯಷ್ಟಗಲದ ಟೊಪ್ಪಿ ಹಾಕಿಕೊಂಡ ನಾನು ಅವರಿಗೆ ಕಾಣುತ್ತಿದ್ದುದು, ಆಮೇಲೆ ತಿಳಿಯಿತು, ನಡೆದಾಡುವ ಅಣಬೆಯ ಹಾಗೆ. ಕುಂಚವನ್ನು ಎಡಕ್ಕೂ ಬಲಕ್ಕೂ ಆಡಿಸಿ ನಮಸ್ಕಾರ ಹೇಳಲು ನೋಡಿದೆ. ಯಾರೋ ಭಾರೀ ಕಾಳಜಿಯಿಂದ ತೊಳೆಯುತ್ತಿದ್ದಾರೆಂದು ಅವರು ತಿಳಿದರು. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಬಹುದಿತ್ತಲ್ಲ ಎಂದು ತಾವು ಕೇಳಬಹುದು. ಏಣಿಯಲ್ಲಿ ಹೋದರೆ ಕೆಲಸ, ಮೆಟ್ಟಿಲಲ್ಲಿ ಹೋದರೆ ಭೇಟಿ. ಭೇಟಿಗೆ ಹೋಗಿ ಏನೆಂದು ಹೇಳಲಿ? ಒಂದೆರಡು ಸಲ ಬಾಗಿಲವರೆಗೆ ಹೋಗಿ, ಬೂಟಿನ ದಾರ ಕಟ್ಟಿಕೊಂಡು ವಾಪಸು ಬಂದೆ. ನನ್ನ ಬೂಟಿಗೆ ದಾರವಿಲ್ಲ.

ಅತ್ತ ಮೇಲೆ ನಡೆಯುತ್ತಿದ್ದುದೇ ಬೇರೆ. ಕಿಟಕಿ ಒರೆಸುವವರು ಏಣಿಯಿಂದ ಬಿದ್ದರಂತೆ ಎಂಬ ಸುದ್ದಿ ಹಲ್ಲು ಕೀಳಿಸಿಕೊಳ್ಳಲು ಹೋದ ನಟನೊಬ್ಬನ ಮೂಲಕ ವಿಗ್ಗಿನವರಿಗೆ ತಲುಪಿತ್ತು. ಬಿದ್ದವರು ಯಾರು, ಎಷ್ಟು ಪೆಟ್ಟು ಎಂಬುದು ತಲುಪಿರಲಿಲ್ಲ. ಅವರು ಮನಸ್ಸಿನಲ್ಲಿ ನನ್ನನ್ನೇ ಬೀಳಿಸಿಕೊಂಡಿದ್ದರು. ಕೆಲವು ವಾರ ಕಾದರು, ಏಣಿಯ ಬದಲು ಕುಂಚವೇ ಬಂತು. ಕೊನೆಗೊಂದು ಬಿಸಿಲಿನ ದಿನ, ಕೂದಲು ಹಾರಿಹೋಗುತ್ತದೆಂದು ಎಂದೂ ತೆರೆಯದ ಆ ಕಿಟಕಿಯನ್ನು ತೆರೆದು, ಅಣಬೆಯ ಕಡೆಗೆ ಬಗ್ಗಿ, "ಏಣಿಯವರು ಎಲ್ಲಿ? ಹೇಗಿದಾರೆ?" ಎಂದು ಕೂಗಿದರು. ಕೈಯಲ್ಲಿ ಆ ಸಂಜೆಯೇ ಹೊಸ ನಾಟಕದ ರಾಣಿ ತೊಡಬೇಕಿದ್ದ ವಿಗ್ಗು ಇತ್ತು, ಅದನ್ನು ಕೆಳಗಿಡಲು ಅವರಿಗೆ ನೆನಪಾಗಲಿಲ್ಲ. ನೀರಿನ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ. ತಲೆ ಸುತ್ತಿದ್ದರಿಂದ ಕಣ್ಣೂ ಮುಚ್ಚಿತ್ತು. ತಾವು ಮಾತ್ರ ಕರ್ತವ್ಯದಲ್ಲಿ ಲೋಪವಿಲ್ಲದೆ, ಗಾಜಿಲ್ಲದ ಜಾಗದಲ್ಲಿಯೂ ಉಜ್ಜುತ್ತಾ ಹೋದಿರಿ. ಮೊದಲು ಅವರ ನೆತ್ತಿಯನ್ನು ತೊಳೆದಿರಿ. ಆಮೇಲೆ ವಿಗ್ಗನ್ನು ಹಿಡಿದಿರಿ.

ಕೈಗೆ ಭಾರ ತಟ್ಟಿ ನಾನು ತಮ್ಮನ್ನು ಕೆಳಗಿಳಿಸಿದಾಗ, ಕುಂಚಕ್ಕೆ ಕೆಂಚು ಬಣ್ಣದ ಒದ್ದೆ ಪ್ರಾಣಿಯೊಂದು ಕಚ್ಚಿಕೊಂಡಿತ್ತು. ಯಾರದೋ ಬೆಕ್ಕೆಂದು ತಿಳಿದು ನಾನು ಅದರ ಕ್ಷಮೆ ಕೇಳಿದೆ. ನನ್ನ ತಮ್ಮ ವ್ಯಾನಿನ ಹಿಂದಿನಿಂದ ಓಡಿಬಂದು, "ಅಕ್ಕಾ, ಏನದು? ಸತ್ತಿದೆಯಾ?" ಎಂದ. ಮುಟ್ಟಿ ನೋಡಿ, ಕೂದಲು ಕಣೋ ಎಂದೆ. "ಯಾರದು?" ಎಂದ. ಇಬ್ಬರೂ ಒಟ್ಟಿಗೆ ಕತ್ತೆತ್ತಿದೆವು. ಕಿಟಕಿಯಲ್ಲಿ ಒಂದು ಬೋಳುತಲೆ, ಧಾರಾಕಾರ ನೀರು ಸುರಿಸುತ್ತ, ಬಾಯಿ ತೆರೆದು ನಮ್ಮನ್ನು ನೋಡುತ್ತಿತ್ತು. ನನ್ನ ತಮ್ಮ ಎರಡೂ ಕೈಗಳನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಇಡೀ ಬೀದಿಗೆ ಕೇಳುವಂತೆ, "ಅಯ್ಯೋ ಅಕ್ಕಾ, ಅವರ ಕೂದಲೇ ಕಿತ್ತು ಬಂತಲ್ಲೇ!" ಎಂದು ಕಿರುಚಿದ.

ಗೋಲಾದ ತಮ್ಮನ್ನು ಗೋಡೆಗೆ ಒರಗಿಸಿ, ವಿಗ್ಗನ್ನು ಎತ್ತಿಕೊಂಡು ನಾನು ಮೆಟ್ಟಿಲು ಹತ್ತಿದ ವೇಗವನ್ನು ತಾವು ನೋಡಬೇಕಿತ್ತು. ಟೊಪ್ಪಿ ಎಲ್ಲೋ ಬಿತ್ತು. ಬಾಗಿಲು ತೆರೆದ ವಿಗ್ಗಿನವರು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ, ನನ್ನ ಕೈಯಲ್ಲಿದ್ದ ಅವರ ಅಷ್ಟೂ ದಿನಗಳ ದುಡಿಮೆಯ ಕಡೆ ಕಣ್ಣೂ ಹಾಕದೆ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಬಿದ್ದಿಲ್ವಾ?" ಎಂದರು.

"ಇಲ್ಲ, ಬಿದ್ದಿದ್ದು ನನ್ನ ತಮ್ಮ" ಎಂದೆ.

"ಅಬ್ಬಾ, ಒಳ್ಳೇದಾಯ್ತು" ಎಂದರು. ಆಮೇಲೆ ಕಿವಿಯವರೆಗೂ ಕೆಂಪಾಗಿ, ಒಳ್ಳೆಯದಾಗಿಲ್ಲ, ಹಾಗಲ್ಲ, ತಮ್ಮನವರಿಗೆ ಈಗ ಹೇಗಿದೆ ಎಂದೆಲ್ಲ ತಡಬಡಾಯಿಸಿದರು. ಇಷ್ಟು ವರ್ಷ ಆ ಮುಖಕ್ಕೆ ನಾನು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ದನಿ ಗಂಭೀರವಾದದ್ದು, ಬಾವಿಯೊಳಗಿನಿಂದ ಬರುವಂಥದ್ದು. ನಿಜವಾದ ದನಿ ಒಣಗಾಜಿನ ಮೇಲೆ ರಬ್ಬರ್ ಪಟ್ಟಿ ಎಳೆದಂತಿತ್ತು. ನನ್ನ ಕಸುಬಿನವಳ ಕಿವಿಗೆ ಅದಕ್ಕಿಂತ ಇಂಪಾದದ್ದು ಇನ್ನೇನಿದೆ?

ವಿಗ್ಗಿನ ಸ್ಥಿತಿ ಮಾತ್ರ ನೋಡುವ ಹಾಗಿರಲಿಲ್ಲ. ತಂತಿಯ ಮೇಲೆ ಗೋಪುರದಂತೆ ಸುರುಳಿ ಸುರುಳಿಯಾಗಿ ಏರಿದ್ದ ಕೂದಲು ಈಗ ಮರದ ತಲೆಯ ಎರಡೂ ಕಡೆ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಮತ್ತೆ ಸುರುಳಿ ಕೂರಿಸಲು ಹೊತ್ತಿಲ್ಲ. ಅವರು ಕುಳಿತುಬಿಟ್ಟರು. ಈ ನಾಟಕಶಾಲೆಯವರು ಮುಂದೆ ತಮಗೆ ಕೆಲಸ ಕೊಡುವುದಿಲ್ಲ, ಅವರು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಮೆಲ್ಲನೆ ಹೇಳಿದರು. ಇಬ್ಬರೂ ಆ ಒದ್ದೆ ರಾಣಿಯ ಎದುರು ಸಾವಿನ ಮನೆಯವರ ಹಾಗೆ ಕುಳಿತಿದ್ದೆವು. ನನಗೆ ಅಳು ಬರಬೇಕಿತ್ತು, ಹಾಳಾದ್ದು ನಗು ಬಂತು. ತಡೆಯಲು ನೋಡಿ ಮೂಗಿನಿಂದ ಸದ್ದು ಹೊರಟಿತು. ಅವರು ಬೆಚ್ಚಿ ನನ್ನನ್ನು ನೋಡಿದರು, ಅವರ ನೆತ್ತಿಯ ಮೇಲೆ ತಮ್ಮ ಕುಂಚದ ಒಂದು ಕೂದಲು ಅಂಟಿಕೊಂಡು ನೆಟ್ಟಗೆ ನಿಂತಿತ್ತು, ಅದನ್ನು ಬೆರಳಿಂದ ತೋರಿಸಲು ಹೋಗಿ ನನ್ನ ಉಸಿರೇ ಕಟ್ಟಿತು. ಅವರು ಕನ್ನಡಿ ನೋಡಿಕೊಂಡರು. ಆಮೇಲೆ ಇಬ್ಬರೂ ಮೇಜು ಹಿಡಿದು ನಕ್ಕೆವು, ಮರದ ತಲೆಗಳೆಲ್ಲ ಗಡಗಡ ಅಲುಗಾಡಿದವು. ಆ ಹೊತ್ತಿಗೆ ಸರಿಯಾಗಿ ರಾಣಿಯ ಪಾತ್ರದ ನಟಿ ವಿಗ್ಗು ತೊಟ್ಟು ನೋಡಲು ಬಂದರು.

ಅವರು ವಿಗ್ಗನ್ನು ನೋಡಿದರು, ನಮ್ಮನ್ನು ನೋಡಿದರು, ಕನ್ನಡಿಯ ಮುಂದೆ ಕುಳಿತರು. ವಿಗ್ಗಿನವರು ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಬಾಚಿ, ಅವರ ತಲೆಗೆ ತೊಡಿಸಿದರು. ಸೊಂಟದವರೆಗೆ ಇಳಿದ ನೀಳ ಕೂದಲು ಕಿಟಕಿಯ ಬೆಳಕಿಗೆ ತಾಮ್ರದ ಪಾತ್ರೆಯಂತೆ ಹೊಳೆಯಿತು. ನಟಿ ಕತ್ತನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. "ಕತ್ತು ತಿರುಗ್ತಾ ಇದೆ!" ಎಂದರು, ಕಾಲು ಬಂದ ಮಗುವಿನ ಸಂಭ್ರಮದಲ್ಲಿ. "ತಾಲೀಮಲ್ಲಿ ಆ ಗೋಪುರ ಹೊತ್ಕೊಂಡು ನಾನು ಪ್ರತಿ ಬಾಗಿಲಲ್ಲೂ ಬಗ್ಗಿ ಬಗ್ಗಿ ಬರ್ತಿದ್ದೆ. ನೋಡಿದವರು ಇವಳು ರಾಣಿಯೋ ರಾಣಿಯ ಕೆಲಸದವಳೋ ಅಂತಿದ್ರು. ಇದೇ ಇರಲಿ. ಯಾರು ಏನಂತಾರೋ ನಾನು ನೋಡ್ಕೋತೀನಿ." ಬಾಗಿಲ ಬಳಿ ಇಣುಕುತ್ತಿದ್ದ ನನ್ನ ತಮ್ಮ ಆಗ, ಕೇಳಿದವರಿಲ್ಲದಿದ್ದರೂ, "ಅದು ಶುದ್ಧ ನೀರು ಮೇಡಂ, ಕಲೆ ಉಳಿಯಲ್ಲ" ಎಂದ.

ಆ ಸಂಜೆ ನಾಟಕಕ್ಕೆ ನಾನೂ ವಿಗ್ಗಿನವರೂ ಅಕ್ಕಪಕ್ಕ ಕುಳಿತಿದ್ದೆವು. ರಾಣಿ ತಲೆಯೆತ್ತಿ ಬಾಗಿಲಿನಿಂದ ಬಂದಾಗ ಅವರು ನನ್ನ ತೋಳು ಹಿಡಿದುಕೊಂಡರು, ಬಿಡಲು ಮರೆತರು. ಗಾಜಿಲ್ಲದೆ ಪಕ್ಕದಲ್ಲಿ ಕುಳಿತಾಗ ತಿಳಿಯಿತು, ಅವರು ಸುಮ್ಮನಿರುವ ಜಾತಿಯವರೇ ಅಲ್ಲ. ಯಾವ ಪಾತ್ರದ ಮೀಸೆ ಸಡಿಲವಾಗಿದೆ, ಯಾವ ಮುದುಕನ ಜಡೆ ಹಿಂದುಮುಂದಾಗಿದೆ ಎಂದು ಪಿಸುಗುಡುತ್ತಲೇ ಇದ್ದರು, ನಾನು ನಗುತ್ತಲೇ ಇದ್ದೆ, ಮುಂದಿನ ಸಾಲಿನವರು ಶ್ ಶ್ ಎನ್ನುತ್ತಲೇ ಇದ್ದರು. ನೀವೇಕೆ ಒಂದು ವಿಗ್ಗು ಹಾಕಿಕೊಳ್ಳುವುದಿಲ್ಲ ಎಂದು ನಡುವೆ ಕೇಳಿದೆ. "ಅಡುಗೆಯವರು ಬಡಿಸಿ ಬಡಿಸಿ ಕೊನೇಲಿ ಹಸಿವಿಲ್ಲ ಅಂತಾರಲ್ಲ, ಹಾಗೆ" ಎಂದರು. ರಾಣಿ ಸಾಯುವ ದೃಶ್ಯದಲ್ಲಿ ನಾವಿಬ್ಬರೂ ಹೊರಗೆ ಹೋಗಬೇಕಾಯಿತು.

ಅಂದಿನಿಂದ ಆ ಕಟ್ಟಡದ ಸರದಿ ಬಂದಾಗ ನಾನು ಮೆಟ್ಟಿಲಲ್ಲೇ ಹೋಗುತ್ತೇನೆ. ಸರದಿ ಇಲ್ಲದ ದಿನವೂ ಹೋಗುತ್ತೇನೆ. ಕಳೆದ ವಾರ ಅವರು ಮೇಜನ್ನು ಒಳಕೋಣೆಗೆ ಎಳೆದು, ದೀಪ ಹಚ್ಚಿಕೊಂಡು ಕೆಲಸ ಶುರುಮಾಡಿದ್ದಾರೆ. ಏಕೆಂದು ಕೇಳಿದರೆ, "ಇನ್ಮೇಲೆ ಆ ಕಿಟಕಿ ತೆರೆದೇ ಇರಲಿ. ನೀವು ಕೆಳಗಡೆಯಿಂದ ಕೂಗಿದ್ರೆ ಕೇಳಿಸಬೇಕಲ್ಲ" ಎಂದರು. ತಲೆ ಸುತ್ತಿತು, ಈ ಸಲ ಕತ್ತೆತ್ತದೆಯೇ.

ಆದಕಾರಣ ಮಾನ್ಯರಲ್ಲಿ ನನ್ನ ವಿನಂತಿಗಳು. ತೆರೆದ ಕಿಟಕಿಯನ್ನು ತೊಳೆಯುವ ವಿಧಾನವನ್ನು ತಾವು ಕೂಡಲೇ ಕಂಡುಹಿಡಿಯಬೇಕು. ಆ ಕಟ್ಟಡದ ಮುಂದೆ ತಾವು ಆಗಾಗ ಕೆಟ್ಟು ನಿಲ್ಲಬೇಕು, ಸರಿಯಾಗಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಬೇಕು, ಮಳೆಗಾಲದಲ್ಲಿ ಎರಡು ಕಪ್. ನನ್ನ ತಮ್ಮ ಜನರ ಮುಂದೆ ತಮ್ಮನ್ನು ಹೊಗಳುವಾಗ ತಾವು ಸ್ವಲ್ಪವಾದರೂ ನಾಚಬೇಕು. ಮತ್ತು ಮುಖ್ಯವಾಗಿ, ಇಷ್ಟೆಲ್ಲ ತಮ್ಮಿಂದಲೇ ಆಯಿತೆಂದು ತಾವು ಯಾರ ಮುಂದೆಯೂ, ವಿಶೇಷವಾಗಿ ನನ್ನ ತಮ್ಮನ ಹೆಂಡತಿಯ ಮುಂದೆ, ಬಾಯಿಬಿಡಕೂಡದು. ತಮಗೆ ಬಾಯಿಲ್ಲವೆಂಬುದು ನನಗೆ ಗೊತ್ತು. ತಮ್ಮ ವಿಷಯದಲ್ಲಿ ನಾನು ಇನ್ನು ಯಾವುದನ್ನೂ ನಂಬುವ ಸ್ಥಿತಿಯಲ್ಲಿಲ್ಲ.

ಇಂತು, ತೋಳಿನೊಳಗೆ ಇನ್ನೂ ನೀರು ಒಣಗಿರದ,
ತಮ್ಮ ವಿಶ್ವಾಸಿ,
ಏಣಿಯಕ್ಕ

ತಾ.ಕ.: ತಮ್ಮನ್ನು ಮಾರಿದ ಅಂಗಡಿಯವನು ನಿನ್ನೆ ಬಂದಿದ್ದ. ಗೋಲೂ ಬೇಡ, ಹಿಡಿಯುವವರೂ ಬೇಡ, ತಾನೇ ಹಾರಿಹೋಗಿ ಎಷ್ಟು ಎತ್ತರದ ಗಾಜನ್ನಾದರೂ ತೊಳೆದು ಬರುವ ಯಂತ್ರವೊಂದು ಬಂದಿದೆಯಂತೆ. ಅದರ ಚಿತ್ರವನ್ನು ನೋಡುವಾಗ ನನ್ನ ತಮ್ಮನ ಕಣ್ಣಿನಲ್ಲಿ ಕಂಡ ಹೊಳಪನ್ನು ತಮಗೆ ತಿಳಿಸದಿರುವುದು ಸ್ನೇಹಧರ್ಮವಲ್ಲ. ಮನೆಯಿಂದ ಹೊರಬಿದ್ದ ನನ್ನ ಏಣಿಯ ಪಕ್ಕ, ಹಿತ್ತಲ ಗೋಡೆಯ ಬದಿಗೆ, ತಮಗೆ ಸಾಕಾಗುವಷ್ಟು ಜಾಗ ಈಗಲೇ ಗುಡಿಸಿ ಇಟ್ಟಿದ್ದೇನೆ.